ಪ್ರಯೋಗ ಕಾದಂಬರಿಯೂ ಓದುವ ಬಳಗವೂ

ಕನ್ನಡದಲ್ಲಿ ‘ಪ್ರಯೋಗ’ ಎಂಬ ಮಾತಿಗೆ ಕಡಿಮೆಯೆಂದರೂ ಮೂರು ಅರ್ಥಗಳಿವೆ. ಶಾಲೆಯ ಹುಡುಗನಿಗೆ ಅದು ಪ್ರಯೋಗಶಾಲೆಯ ಗಾಜಿನ ನಳಿಗೆಯಲ್ಲಿ ನಡೆಯುವ ಸಂಗತಿ. ನಾಟಕದವರಿಗೆ ರಂಗದ ಮೇಲೆ ಆಡಿ ತೋರಿಸಿದ್ದೇ ಪ್ರಯೋಗ. ವ್ಯಾಕರಣ ಕಲಿಸಿ ಹೊಟ್ಟೆ ಹೊರೆಯುವ ನನ್ನಂಥವರಿಗೆ ಮೊದಲು ನೆನಪಾಗುವುದು ಕರ್ತರಿ ಪ್ರಯೋಗ, ಕರ್ಮಣಿ ಪ್ರಯೋಗ. ನಡೆದ ಸಂಗತಿ ಒಂದೇ. ಅದನ್ನು ಮಾಡಿದವನ ಕಡೆಯಿಂದ ಹೇಳುವುದೊಂದು ಬಗೆ, ಮಾಡಿಸಿಕೊಂಡವನ ಕಡೆಯಿಂದ ಹೇಳುವುದು ಇನ್ನೊಂದು ಬಗೆ. ‘ಪ್ರಯೋಗಶೀಲ ಕಾದಂಬರಿ’ ಎಂದು ವಿಮರ್ಶಕರು ಬರೆಯುವಾಗ ಅವರ ಮನಸ್ಸಿನಲ್ಲಿರುವುದು ಹೆಚ್ಚಾಗಿ ಗಾಜಿನ ನಳಿಗೆ. ಓದುವ ಬಳಗವೊಂದಕ್ಕೆ ಇಂಥ ಕಾದಂಬರಿಗಳನ್ನು ಆರಿಸಿಕೊಡುವ ಹೊಣೆ ಬಂದಾಗ ನನಗೆ ಉಪಯೋಗಕ್ಕೆ ಬಂದದ್ದು ವ್ಯಾಕರಣದ ಅರ್ಥವೇ. ಅದು ಹೇಗೆಂಬುದನ್ನು ಹೇಳುವುದಕ್ಕೆ ನಮ್ಮ ಕಡೆಯ ಸಾಹಿತ್ಯದ ಚರಿತ್ರೆಯನ್ನು ತುಸು ಹಿಂದಕ್ಕೆ ತಿರುವಬೇಕಾಗುತ್ತದೆ.

ಬಳಗವೆಂದರೆ ದೊಡ್ಡ ಸಂಸ್ಥೆಯೇನೂ ಅಲ್ಲ. ಅರಂತೋಡು, ಸುಳ್ಯದಿಂದ ಸಂಪಾಜೆಯ ಕಡೆಗೆ ಘಟ್ಟ ಹತ್ತುವ ಹೆದ್ದಾರಿಯ ಮೇಲಿನ ಊರು. ಇಲ್ಲಿ ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಹನ್ನೆರಡು ಹದಿಮೂರು ಮಂದಿ ಸೇರುತ್ತೇವೆ. ಅಡಿಕೆ ತೋಟದವರಿದ್ದಾರೆ, ನಿವೃತ್ತ ಶಿಕ್ಷಕಿಯರಿದ್ದಾರೆ, ರಬ್ಬರಿನ ಕೆಲಸದವರ ಮನೆಯಿಂದ ಬಂದು ಕಾಲೇಜು ಮುಗಿಸಿದ ಹುಡುಗಿಯರಿದ್ದಾರೆ. ಮನೆಯ ಮಾತು ಒಬ್ಬರದು ಅರೆಭಾಷೆ, ಒಬ್ಬರದು ತುಳು, ಒಬ್ಬರದು ಮಲಯಾಳ, ಇನ್ನೊಬ್ಬರದು ಹವ್ಯಕರ ಕನ್ನಡ, ಮತ್ತೊಬ್ಬರದು ತಮಿಳು. ಪುಸ್ತಕದ ಕನ್ನಡವನ್ನು ನಾವೆಲ್ಲರೂ ಶಾಲೆಯ ಬೆಂಚಿನ ಮೇಲೆ ಕಲಿತವರು. ಈ ವರ್ಷ ನಾಲ್ಕು ತಿಂಗಳಿಗೆ ನಾಲ್ಕು ಪ್ರಯೋಗ ಕಾದಂಬರಿ ಓದೋಣವೆಂಬ ಸಲಹೆ ಬಂದಾಗ ಹಿರಿಯ ಕೃಷಿಕರೊಬ್ಬರು, “ಮಾಸ್ಟ್ರೇ, ಪ್ರಯೋಗ ಅಂದರೆ ಎಂತ? ಅರ್ಥ ಆಗದ್ದಕ್ಕೆ ಪ್ರಯೋಗ ಅಂತ ಹೇಳುವುದಾ?” ಎಂದು ಕೇಳಿದರು.

ನಕ್ಕು ಮುಗಿಸುವ ಪ್ರಶ್ನೆ ಅದಲ್ಲ. ಇಂಥ ಬಳಗಗಳು ಒಡೆಯುವುದು ಜಗಳದಿಂದ ಅಲ್ಲವೇ ಅಲ್ಲ. ಒಂದು ಪುಸ್ತಕ ಅರ್ಥವಾಗದೆ ಹೋದವರು ಅದನ್ನು ಬಾಯಿಬಿಟ್ಟು ಹೇಳಲು ನಾಚುತ್ತಾರೆ. ಮುಂದಿನ ತಿಂಗಳು ತೋಟಕ್ಕೆ ಮದ್ದು ಬಿಡುವ ನೆವ ಹೇಳುತ್ತಾರೆ, ಅದರ ಮುಂದಿನ ತಿಂಗಳು ನೆವವನ್ನೂ ಹೇಳುವುದಿಲ್ಲ. ಕೊನೆಗೆ ಉಳಿಯುವವರು ಕನ್ನಡ ಎಂ.ಎ. ಮಾಡಿದ ಇಬ್ಬರೋ ಮೂವರೋ. ಅವರಿಗೆ ಬಳಗದ ಅಗತ್ಯವೇ ಇಲ್ಲ. ಆದುದರಿಂದ ಪುಸ್ತಕದ ಆಯ್ಕೆಯೆಂಬುದು, ಯಾರು ಕೂತಿರುತ್ತಾರೆ, ಯಾರು ಎದ್ದು ಹೋಗುತ್ತಾರೆ ಎಂಬುದರ ಆಯ್ಕೆಯೂ ಹೌದು.

ಪ್ರಯೋಗವೆಂದರೆ 1960ರ ಸುಮಾರಿಗೆ ನವ್ಯದವರು ಪಶ್ಚಿಮದಿಂದ ತಂದಿಳಿಸಿದ ಸರಕು ಎಂದು ಬಗೆಯುವವರು ಇಂದಿಗೂ ಉಂಟು. ಅವರು ಒಮ್ಮೆ ನಂದಳಿಕೆಯ ಕಡೆ ನೋಡಬೇಕು. ಮುದ್ದಣನೆಂದು ಹೆಸರಾದ ಲಕ್ಷ್ಮೀನಾರಣಪ್ಪ ಬದುಕಿದ್ದು 1870ರಿಂದ 1901ರವರೆಗೆ, ಬರಿಯ ಮೂವತ್ತೊಂದು ವರ್ಷ. ಉಡುಪಿಯ ಶಾಲೆಯಲ್ಲಿ ವ್ಯಾಯಾಮ ಕಲಿಸುವ ಮಾಸ್ತರಿಕೆ, ಬಡತನ, ಕ್ಷಯ. ತನ್ನ ಕೃತಿಯನ್ನು ತನ್ನದೆಂದು ಹೇಳಲು ಧೈರ್ಯ ಸಾಲದೆ ಹಳೆಯ ಕವಿಯೊಬ್ಬನ ಕೃತಿಯೆಂಬಂತೆ ಮೈಸೂರಿನ ಕಾವ್ಯಪತ್ರಿಕೆಗೆ ಕಳುಹಿಸಿದವನು ಆತ. 19ನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಅವನು ಬರೆದ ಶ್ರೀರಾಮಾಶ್ವಮೇಧದ ಕತೆಯಲ್ಲಿ ಹೊಸತೇನಿಲ್ಲ, ಎಲ್ಲರಿಗೂ ಗೊತ್ತಿರುವ ರಾಮನ ಕುದುರೆಯ ಕತೆ. ಹೊಸತಿರುವುದು ಹೇಳುವ ವ್ಯವಸ್ಥೆಯಲ್ಲಿ. ಮಳೆಗಾಲದ ಒಂದು ದಿನ ಮನೆಗೆ ಬಂದ ಕವಿ, ಅವನ ಹೆಂಡತಿ ಮನೋರಮೆ, ಹೊತ್ತು ಕಳೆಯಲು ಒಂದು ಕತೆ. ಪದ್ಯ ಬೇಡ, ಗದ್ಯದಲ್ಲಿ ಹೇಳೆಂದು ಅವಳು ಹಟ ಹಿಡಿಯುತ್ತಾಳೆ. ಸಂಸ್ಕೃತ ಹೆಚ್ಚಾದರೆ ತಡೆಯುತ್ತಾಳೆ, ವರ್ಣನೆ ಉದ್ದವಾದರೆ ಕಾಲೆಳೆಯುತ್ತಾಳೆ. ಅವನು ರೇಗುತ್ತಾನೆ, ಸೋಲುತ್ತಾನೆ, ಮತ್ತೆ ಕತೆ ಮುಂದುವರಿಸುತ್ತಾನೆ.

ಈ ಮನೋರಮೆಯನ್ನು ಕನ್ನಡದ ಮೊದಲ ಓದುಬಳಗದ ಸದಸ್ಯೆಯೆನ್ನಲು ನನಗೆ ಸಂಕೋಚವಿಲ್ಲ, ಅಧ್ಯಕ್ಷೆಯೆಂದರೂ ಸಲ್ಲುವುದು. ಪುರಾಣದ ಕತೆಯ ನಡುವೆ ಕೇಳುವವಳ ದನಿಯನ್ನು ತಂದು ಕೂರಿಸಿದ್ದು ಪ್ರಯೋಗವಲ್ಲದೆ ಇನ್ನೇನು? ಅದಕ್ಕಿಂತಲೂ ನಮ್ಮ ಕೆಲಸಕ್ಕೆ ಬರುವ ಸಂಗತಿಯೆಂದರೆ, ತನಗೆ ತಿಳಿಯಲಿಲ್ಲವೆನ್ನಲು ಮನೋರಮೆ ಎಂದೂ ನಾಚುವುದಿಲ್ಲ. ಅವಳಿಗೆ ತಿಳಿಯದಿದ್ದರೆ ಅದು ಹೇಳುವವನ ತಲೆನೋವು.

1899ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಹೊರಬಂತು. ಕನ್ನಡದ ಮೊದಲ ಸ್ವತಂತ್ರ ಸಾಮಾಜಿಕ ಕಾದಂಬರಿಯೆಂದು ಅದಕ್ಕೆ ಸಂದ ಸ್ಥಾನ ಎಲ್ಲರಿಗೂ ಗೊತ್ತಿದೆ. ಬರೆದವರು ಪೊಲೀಸು ಇಲಾಖೆಯ ಅಧಿಕಾರಿ. ನಾಲ್ಕೇ ವರ್ಷಗಳಲ್ಲಿ, 1903ರಲ್ಲಿ, ಅದು ಇಂಗ್ಲಿಷಿಗೂ ಹೋಯಿತು. ಇಂದಿನ ಕಣ್ಣಿಗೆ ಅದರ ಗದ್ಯ ತುಸು ಒರಟಾಗಿ, ಉಪದೇಶ ತುಸು ಹೆಚ್ಚಾಗಿ ತೋರೀತು. ಆದರೆ ಬಾಲವಿಧವೆಯೆಂದರೆ ಊರವರ ಮಾತಿನಲ್ಲಿ ಯಾವಾಗಲೂ ಕರ್ಮಣಿ ಪ್ರಯೋಗ: ಅವಳನ್ನು ಕೊಡಲಾಯಿತು, ಅವಳ ತಲೆ ಬೋಳಿಸಲಾಯಿತು, ಅವಳನ್ನು ಮೂಲೆಗೆ ಕೂರಿಸಲಾಯಿತು. ವೆಂಕಟರಾಯರು ಅವಳನ್ನು ಕರ್ತರಿಗೆ ತಂದರು. ಇಂದಿರೆ ಮನೆ ಬಿಟ್ಟು ಹೊರಡುತ್ತಾಳೆ, ಓದುತ್ತಾಳೆ, ಮರುಮದುವೆಯಾಗುತ್ತಾಳೆ. ಕ್ರಿಯಾಪದಗಳೆಲ್ಲ ಅವಳವು. ಆ ಕಾಲಕ್ಕೆ ಕಾದಂಬರಿಯೆಂಬ ಪ್ರಕಾರವೇ ಒಂದು ಪ್ರಯೋಗವಾಗಿತ್ತು, ಮತ್ತು ಈ ಕೆಲಸಕ್ಕೆ ಅದೇ ಬೇಕಾಗಿತ್ತು. ಯಕ್ಷಗಾನ ಪ್ರಸಂಗದಲ್ಲಿ ಇಂದಿರೆಗೆ ಜಾಗವಿರಲಿಲ್ಲ.

ಯಕ್ಷಗಾನದ ಮಾತು ಬಂದದ್ದರಿಂದ ಇಲ್ಲಿ ತುಸು ನಿಲ್ಲಬೇಕು. ಹೊರಗಿನವರು ನಮ್ಮ ಕಡೆಯವರನ್ನು ‘ಆಟದ ಹುಚ್ಚಿನವರು’ ಎನ್ನುವುದುಂಟು. ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ, ಮಳೆ ಹಿಡಿದ ತಿಂಗಳುಗಳಲ್ಲಿ, ಆ ಹುಚ್ಚು ತಾಳಮದ್ದಳೆಯ ರೂಪ ತಾಳುತ್ತದೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿಗಳು ಎದುರುಬದುರು ಕೂತು ಅರ್ಥ ಹೇಳುತ್ತಾರೆ. ಪದ ಕವಿಯದು, ಅರ್ಥ ಆ ಕ್ಷಣದ್ದು, ಬರೆದಿಟ್ಟುಕೊಂಡದ್ದಲ್ಲ. ವಾಲಿ ಸಾಯುತ್ತಾನೆಂಬುದು ಸಭೆಯಲ್ಲಿ ಕೂತ ಮಗುವಿಗೂ ಗೊತ್ತು. ಆದರೂ ಮರೆಯಿಂದ ಬಾಣ ಬಿಟ್ಟ ರಾಮನನ್ನು ಈ ರಾತ್ರಿಯ ವಾಲಿ ಯಾವ ಮಾತಿನಲ್ಲಿ ಹಿಡಿಯುತ್ತಾನೆ, ಈ ರಾಮ ಹೇಗೆ ಬಿಡಿಸಿಕೊಳ್ಳುತ್ತಾನೆ ಎಂದು ಕೇಳಲು ಜನ ಕೊಡೆ ಹಿಡಿದು ಮೈಲುಗಟ್ಟಲೆ ನಡೆದು ಬರುತ್ತಿದ್ದರು. ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ವಾಲಿಯನ್ನೋ ರಾವಣನನ್ನೋ ಕೇಳಿದವರು, ರಾಮನ ಪಕ್ಷದವರಾಗಿ ಹೋಗಿ ಸಂಶಯದವರಾಗಿ ಮನೆಗೆ ಮರಳಿದ್ದುಂಟು.

ಇದರಿಂದ ನನಗೆ ತೋರುವುದಿಷ್ಟು. ಮುಂದೇನಾಯಿತೆಂಬ ಕುತೂಹಲವನ್ನು ಬದಿಗಿಟ್ಟು, ಹೇಗೆ ಹೇಳಿದನೆಂಬುದನ್ನೇ ರಾತ್ರಿಯಿಡೀ ಕೇಳಬಲ್ಲ ಜನ ನಮ್ಮವರು. ಪ್ರಯೋಗ ಕಾದಂಬರಿ ಓದುಗನಿಂದ ಕೇಳುವುದು ಇದೇ ಶಕ್ತಿಯನ್ನು. ‘ನಮ್ಮ ಹಳ್ಳಿಯ ಓದುಗರಿಗೆ ಅದು ಹಿಡಿಸದು’ ಎಂದು ಪೇಟೆಯವರು ಹೇಳುವ ಮಾತನ್ನು ನಾನು ನಂಬುವುದಿಲ್ಲ. ಹಿಡಿಸದೆ ಹೋಗುವುದು, ಹತ್ತು ಜನ ಕೂತು ಕೇಳಬೇಕಾದ್ದನ್ನು ಒಬ್ಬೊಬ್ಬರೇ ಮೂಲೆಯಲ್ಲಿ ಕೂತು ಕಣ್ಣಿನಿಂದ ಓದಬೇಕೆಂದಾಗ.

ಹಾಗೆ ಒಬ್ಬರೇ ಕೂತು ಓದುವ ಅಭ್ಯಾಸ ನಮ್ಮಲ್ಲಿ ಬಲಿತದ್ದು ಕಾದಂಬರಿಯ ಜೊತೆಯಲ್ಲೇ. ಅ.ನ.ಕೃ. ಅವರ ಕಾದಂಬರಿಗಳು ಬಾಡಿಗೆ ಪುಸ್ತಕದ ಅಂಗಡಿಗಳಿಂದ ಮನೆಮನೆಗೆ ಹೋದ ಕಾಲವದು. ಆಮೇಲೆ ತ್ರಿವೇಣಿಯವರು ಬಂದರು. ಮನೆಯೊಳಗಿನ ಹೆಣ್ಣಿನ ಮನಸ್ಸು ಕೆಡುವುದು ಹೇಗೆ, ಅದನ್ನು ಕೆಡಿಸುವವರು ಯಾರು ಎಂಬುದನ್ನು ಸರಳ ಕನ್ನಡದಲ್ಲಿ ಹೇಳಿದ ಅವರನ್ನು ನಮ್ಮ ವಿಮರ್ಶಕರು ‘ಜನಪ್ರಿಯ’ ಎಂಬ ಕಪಾಟಿನಲ್ಲಿ ಇಟ್ಟು ಬೀಗ ಹಾಕಿದ್ದು ನ್ಯಾಯವಲ್ಲ. ಮನಸ್ಸಿನೊಳಕ್ಕೆ ಇಳಿದು ಕತೆ ಹೇಳುವ ಕೆಲಸವನ್ನು ದೇವುಡು ನರಸಿಂಹಶಾಸ್ತ್ರಿಗಳು 1931ರ ‘ಅಂತರಂಗ’ದಲ್ಲಿಯೇ ತೊಡಗಿದ್ದರೆಂಬುದನ್ನೂ ಮರೆಯಬಾರದು. ನವ್ಯದವರಿಗಿಂತ ಅದು ಮೂವತ್ತು ವರ್ಷ ಹಿಂದಿನ ಮಾತು.

ಇನ್ನು ಶಿವರಾಮ ಕಾರಂತರು. ದಶಕಗಳ ಕಾಲ ಪುತ್ತೂರಿನಲ್ಲಿದ್ದುಕೊಂಡು ನಮ್ಮ ಬೆಟ್ಟಕಾಡುಗಳನ್ನು ಕಾಲ್ನಡೆಯಲ್ಲಿ ಸುತ್ತಿದವರು. ಅವರ ಹೆಸರನ್ನು ಪ್ರಯೋಗದವರ ಪಟ್ಟಿಯಲ್ಲಿ ಯಾರೂ ಸೇರಿಸುವುದಿಲ್ಲ. ವಾಸ್ತವವಾದಿಗಳೆಂದು ಪಾಠ ಹೇಳಿ ಮುಗಿಸುತ್ತೇವೆ, ನಾನೂ ತರಗತಿಯಲ್ಲಿ ಹೇಳುವುದು ಅದನ್ನೇ. ಆದರೆ 1943ರ ‘ಬೆಟ್ಟದ ಜೀವ’ವನ್ನು ಬಳಗದ ಕಣ್ಣಿನಿಂದ ನೋಡಿರಿ. ಸುಬ್ರಹ್ಮಣ್ಯದ ಕಡೆಯ ಕಾಡಿನಲ್ಲಿ ದಾರಿ ತಪ್ಪಿದ ಪ್ರಯಾಣಿಕನೊಬ್ಬ ಗೋಪಾಲಯ್ಯ, ಶಂಕರಮ್ಮ ಎಂಬ ವೃದ್ಧ ದಂಪತಿಗಳ ಮನೆ ಸೇರುತ್ತಾನೆ. ಕೆಲವು ದಿನ ಅಲ್ಲಿರುತ್ತಾನೆ. ಊಟ, ತೋಟ, ಬೆಟ್ಟ, ಹಾಸ್ಯ, ಮತ್ತೆ ಊಟ. ಕತೆಯೆಲ್ಲಿದೆ? ಕತೆಯಿರುವುದು ಮನೆ ಬಿಟ್ಟುಹೋದ ಮಗ ಶಂಭುವಿನಲ್ಲಿ, ಅವನು ಅಲ್ಲಿಲ್ಲ. ಆ ಹೆಸರು ಮುದುಕರ ಬಾಯಿಗೆ ಬರುವುದೇ ತಡವಾಗಿ, ತುಂಡುತುಂಡಾಗಿ, ಮಾತು ಬೇರೆ ಕಡೆಗೆ ತಿರುಗಿದಾಗ ಅರಿಯದೆ ಜಾರಿದಂತೆ. ಎಲ್ಲವನ್ನೂ ಬಲ್ಲ ಕತೆಗಾರ ಇದನ್ನು ಹೇಳಿದ್ದರೆ ಮೊದಲ ಅಧ್ಯಾಯದಲ್ಲೇ ಶಂಭುವಿನ ಜಾತಕ ಬಿಚ್ಚಿಡುತ್ತಿದ್ದ. ದಾರಿ ತಪ್ಪಿದವನು ಹೇಳಬೇಕಾದ್ದರಿಂದಲೇ ಆ ದುಃಖಕ್ಕೆ ಅದರ ತೂಕ ಬಂದಿದೆ. ಅತಿಥಿಗೆ ಎಷ್ಟು ಕಾಣಬಹುದೋ ಅಷ್ಟೇ ಓದುಗನಿಗೂ ಕಾಣುವುದು.

ಈ ಪುಸ್ತಕ ನಮ್ಮೂರಿನಲ್ಲಿ ಹಳೆಯದಾಗಲು ಸಾಧ್ಯವೇ ಇಲ್ಲ. ಅಡಿಕೆ ಮರದ ಹಳದಿ ರೋಗ ಸಂಪಾಜೆ, ಅರಂತೋಡಿನ ತೋಟಗಳನ್ನು ವರ್ಷವರ್ಷವೂ ತಿನ್ನುತ್ತಿದೆ. ಮಕ್ಕಳು ಬೆಂಗಳೂರಿನಲ್ಲಿದ್ದಾರೆ, ದೊಡ್ಡ ಮನೆಗಳಲ್ಲಿ ಇಬ್ಬಿಬ್ಬರು ಮುದುಕರು. ಬಳಗದಲ್ಲಿ ಕೂರುವ ಇಬ್ಬರು ಮೂವರಾದರೂ ಗೋಪಾಲಯ್ಯನ ವಯಸ್ಸಿನವರು, ಅವನ ಸ್ಥಿತಿಯವರು. ಪ್ರಯೋಗವೆಂದರೆ ಎಂತ ಎಂದು ಕೇಳಿದ ಹಿರಿಯರ ಮುಂದೆ ನಾನು ಮೊದಲು ಇಡಲಿರುವುದು ಇದನ್ನೇ.

ಹದಿನೇಳು ವರ್ಷಗಳ ಮೇಲೆ, 1960ರಲ್ಲಿ, ಕಾರಂತರು ‘ಅಳಿದ ಮೇಲೆ’ಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಯಶವಂತರಾಯನೆಂಬ ಪರಿಚಿತ ಸಾಯುತ್ತಾನೆ. ಅವನು ಬಿಟ್ಟುಹೋದ ಬರಹ, ಚಿತ್ರ, ಹಣದ ವ್ಯವಸ್ಥೆ ಕತೆ ಹೇಳುವವನ ಕೈಸೇರುತ್ತವೆ. ಸತ್ತವನು ತಿಂಗಳು ತಿಂಗಳು ಯಾರು ಯಾರಿಗೆ ಹಣ ಕಳುಹಿಸುತ್ತಿದ್ದನೋ ಅವರನ್ನು ಹುಡುಕಿಕೊಂಡು ಇವನು ಊರೂರು ಅಲೆಯುತ್ತಾನೆ. ಒಬ್ಬರು ಅವನನ್ನು ದೇವರೆನ್ನುತ್ತಾರೆ, ಇನ್ನೊಬ್ಬರ ಮಾತು ಬೇರೆ. ಮನುಷ್ಯನೊಬ್ಬನ ಬಾಳನ್ನು ಅವನ ಸಾಲಗಾರರ, ಋಣದವರ ಬಾಯಿಂದ ಜೋಡಿಸಿಕೊಳ್ಳುವ ಈ ಕ್ರಮ ಎಷ್ಟು ಸಹಜವಾಗಿ ನಡೆಯುತ್ತದೆಂದರೆ, ಓದುಗನಿಗೆ ಇದೊಂದು ರಚನೆಯ ಸಾಹಸವೆಂಬುದೇ ಮರೆತುಹೋಗುತ್ತದೆ. ನನ್ನ ಅಭಿಪ್ರಾಯದಲ್ಲಿ ಹೆಚ್ಚು ಹೆಸರು ಪಡೆದ ‘ಮೂಕಜ್ಜಿಯ ಕನಸುಗಳು’ (1968) ಕೃತಿಗಿಂತ ಬಳಗದ ಚರ್ಚೆಗೆ ಇದು ಹೆಚ್ಚು ಒದಗುವುದು. ಅಜ್ಜಿಯ ಮುಂದೆ ಎಲ್ಲರೂ ಕೇಳುಗರಾಗಿಬಿಡುತ್ತಾರೆ, ಎದುರಾಡುವವರಿಲ್ಲ. ಯಶವಂತರಾಯನ ವಿಷಯದಲ್ಲಿ ಹತ್ತು ಜನ ಹತ್ತು ತೀರ್ಪು ಕೊಡಬಹುದು.

ಹೊಸ ಬಗೆಯ ಕಾದಂಬರಿಯನ್ನು ಆರಿಸಿ ಓದುಗರ ಮುಂದಿಡುವ ಕೆಲಸವನ್ನು ಒಂದು ವ್ರತದಂತೆ ನಡೆಸಿದವರು ಕನ್ನಡದಲ್ಲಿ ಇದ್ದಾರೆ, ಆದರೆ ಅವರನ್ನು ನೋಡಲು ಘಟ್ಟ ಹತ್ತಿ ಧಾರವಾಡಕ್ಕೆ ಹೋಗಬೇಕು. ಜಿ.ಬಿ. ಜೋಶಿಯವರು 1933ರಲ್ಲಿ ಅಲ್ಲಿ ಮನೋಹರ ಗ್ರಂಥಮಾಲೆಯನ್ನು ತೊಡಗಿದರು. ಅದರ ಏರ್ಪಾಡು ಸರಳ: ಓದುಗರು ಚಂದಾದಾರರಾಗಬೇಕು, ಮಾಲೆಯ ಪುಸ್ತಕಗಳು ಅವರ ಮನೆಗೆ ಬರುತ್ತವೆ. ಯಾವ ಪುಸ್ತಕವೆಂಬುದು ಮಾಲೆಯವರ ಆಯ್ಕೆ. ಮಾಲೆಯ ಕಚೇರಿಯಾಗಿದ್ದ ಅಟ್ಟದ ಮೇಲೆ ಕೀರ್ತಿನಾಥ ಕುರ್ತಕೋಟಿಯವರಂಥ ವಿಮರ್ಶಕರು ಕೂತು ಹಸ್ತಪ್ರತಿ ಓದಿ ಹರಟೆ ಹೊಡೆದು ತೀರ್ಮಾನಿಸುತ್ತಿದ್ದರು. ಹೀಗೆ ಬಂದವುಗಳಲ್ಲಿ ಶಾಂತಿನಾಥ ದೇಸಾಯಿಯವರ ‘ಮುಕ್ತಿ’ (1961), ಅನಂತಮೂರ್ತಿಯವರ ‘ಸಂಸ್ಕಾರ’ (1965) ಸೇರಿವೆ.

ಈ ಏರ್ಪಾಡಿನ ಸ್ವಾರಸ್ಯವನ್ನು ನಾವು ಸಾಕಷ್ಟು ಗಮನಿಸಿಲ್ಲ. ಅಂಗಡಿಯಲ್ಲಿ ಕೊಳ್ಳುವವನು ತನಗೆ ರುಚಿಸುವುದೆಂದು ಮೊದಲೇ ಗೊತ್ತಿರುವುದನ್ನು ಕೊಳ್ಳುತ್ತಾನೆ. ಚಂದಾದಾರನ ಮನೆಗೆ ಅಂಚೆಯವನು ತಂದುಹಾಕುವುದು ಅವನು ಕೇಳದೆ ಇದ್ದದ್ದು. ಶಾಲಾ ಮಾಸ್ತರರ, ವಕೀಲರ, ಗುಮಾಸ್ತರ ಮನೆಗಳಿಗೆ ಅಗ್ರಹಾರದ ನಡುಮನೆಯಲ್ಲಿ ಹೆಣ ಕೊಳೆಯುವ ಕತೆ ಹೀಗೆ ಬಂದು ಬಿದ್ದಿತು. ಕೆಲವರು ಸಿಟ್ಟಾದರು, ಕೆಲವರು ಬೆರಗಾದರು, ಓದಿದರೆಂಬುದು ಮುಖ್ಯ. ಪ್ಯಾರಿಸಿನಲ್ಲಿ 1922ರಲ್ಲಿ ಜೇಮ್ಸ್ ಜಾಯ್ಸನ ‘ಯುಲಿಸೀಸ್’ ಹೊರಬಂದಾಗಲೂ ನಡೆದದ್ದು ಇದೇ. ಸಿಲ್ವಿಯಾ ಬೀಚ್ ಎಂಬ ಪುಸ್ತಕದಂಗಡಿಯ ಹೆಣ್ಣುಮಗಳು ಮುಂಗಡ ಚಂದಾ ಎತ್ತಿ ಮೊದಲ ಸಾವಿರ ಪ್ರತಿ ಅಚ್ಚುಹಾಕಿಸಿದಳು. ದೊಡ್ಡ ಪ್ರಕಾಶಕರು ಕೈಯಿಕ್ಕಲು ಅಂಜಿದ ಪುಸ್ತಕವದು. ಹೊಸ ರೀತಿಯ ಬರಹವನ್ನು ಲೋಕದಲ್ಲಿ ಮಾರುಕಟ್ಟೆ ಉಳಿಸಿದ್ದು ಕಡಿಮೆ. ಮೊದಲೇ ನಂಬಿ ಒಟ್ಟುಗೂಡಿದ ಕೆಲವು ನೂರು ಓದುಗರು ಉಳಿಸಿದ್ದೇ ಹೆಚ್ಚು. ನಮ್ಮ ಹದಿಮೂರು ಜನರ ಬಳಗವೂ ಆ ವಂಶದ್ದೇ ಎಂದು ಹೇಳಿಕೊಂಡರೆ ಜಂಬವಾದೀತೇನೋ. ಆದರೂ ಹೇಳಿಕೊಳ್ಳುತ್ತೇನೆ.

‘ಸಂಸ್ಕಾರ’ವನ್ನು ಓದಿಸುವಾಗ ತಾಳಮದ್ದಳೆಯ ಪಾಠವನ್ನು ಬಳಸಬೇಕೆಂದು ನಿಶ್ಚಯಿಸಿದ್ದೇವೆ. ಕತೆಯನ್ನು ಮೊದಲೇ ನಾಲ್ಕು ಮಾತಿನಲ್ಲಿ ಹೇಳಿಬಿಡುವುದು. ನಾರಣಪ್ಪ ಸತ್ತ, ಅವನ ಹೆಣವನ್ನು ಸುಡುವವರು ಯಾರೆಂಬುದು ತೀರ್ಮಾನವಾಗಲಿಲ್ಲ, ತೀರ್ಮಾನ ಹೇಳಬೇಕಾದ ಪ್ರಾಣೇಶಾಚಾರ್ಯ ಚಂದ್ರಿಯ ಜೊತೆ ಕೂಡಿದ, ಊರು ಬಿಟ್ಟು ಅಲೆದ, ಕೊನೆಯಲ್ಲಿ ಮರಳುವ ದಾರಿಯಲ್ಲಿ ಅವನನ್ನು ಬಿಟ್ಟು ಕಾದಂಬರಿ ಮುಗಿಯಿತು. ಇಷ್ಟು ಗೊತ್ತಾದ ಮೇಲೆ ಉಳಿಯುವುದೇ ನಿಜವಾದ ಪ್ರಶ್ನೆ. ಮೊದಲರ್ಧದಲ್ಲಿ ಇಡೀ ಅಗ್ರಹಾರದ ಎಲ್ಲ ಮನೆಗಳ ಒಳಗೂ ಹೊಕ್ಕು ಬರುತ್ತಿದ್ದ ಕತೆ, ಆಮೇಲೆ ಒಬ್ಬ ಆಚಾರ್ಯನ ತಲೆಯೊಳಗೆ ಸೇರಿ ಬಾಗಿಲು ಹಾಕಿಕೊಂಡದ್ದೇಕೆ? ಚಂದ್ರಿಯ ತಲೆಯೊಳಗೆ ಏಕೆ ಹೋಗಲಿಲ್ಲ? ಅವಳು ಆ ಹೆಣದ ಗತಿಯನ್ನು ತಾನೇ ಮುಗಿಸಿ ಹೊರಟುಹೋದವಳು. ಬಳಗದ ಹೆಣ್ಣುಮಕ್ಕಳು ಈ ಪ್ರಶ್ನೆಯನ್ನು ಸುಮ್ಮನೆ ಬಿಡುವುದಿಲ್ಲವೆಂದು ನನಗೆ ಭರವಸೆಯಿದೆ, ಅನಂತಮೂರ್ತಿಯವರಿಗೆ ಆಗ ಕಷ್ಟಕ್ಕಿಟ್ಟುಕೊಂಡೀತು.

ಬಿಟ್ಟ ಪುಸ್ತಕಗಳ ಬಗೆಗೂ ಹೇಳಬೇಕು. ಊರಿನ ಅಭಿಮಾನದಿಂದ ಎಲ್ಲರಿಗೂ ಬೇಕಾಗಿದ್ದುದು ನಿರಂಜನರ ‘ಕಲ್ಯಾಣಸ್ವಾಮಿ’ (1956). ನಿರಂಜನರು ಸುಬ್ರಹ್ಮಣ್ಯದ ಪಕ್ಕದ ಕುಳ್ಕುಂದದವರು. ಕತೆ 1837ರ ಅಮರ ಸುಳ್ಯದ ದಂಗೆಯದು. ಕೆದಂಬಾಡಿ ರಾಮಯ್ಯ ಗೌಡರ ಜೊತೆಯಲ್ಲಿ ಹೊರಟ ರೈತರು ಬೆಳ್ಳಾರೆಯ ಖಜಾನೆ ಹಿಡಿದು ಮಂಗಳೂರಿನವರೆಗೆ ನಡೆದು ಬಾವುಟ ಏರಿಸಿದ ಕತೆ. ಅದನ್ನು ಓದದವರು ಇಲ್ಲಿ ಇರಬಾರದು, ನಿಜ. ಆದರೆ ಅದು ಚೆನ್ನಾಗಿ ಹೇಳಿದ ಚಾರಿತ್ರಿಕ ಕಾದಂಬರಿ. ಹೇಳುವವನ ಸ್ಥಾನ ಎಲ್ಲಿಯೂ ಕದಲುವುದಿಲ್ಲ. ಅವರೇ 1976ರಲ್ಲಿ ‘ಮೃತ್ಯುಂಜಯ’ದಲ್ಲಿ ಪ್ರಾಚೀನ ಈಜಿಪ್ಟಿಗೆ ಹೋಗಿ ನೈಲ್ ನದಿಯ ದಂಡೆಯ ದುಡಿಯುವವರ ಬಂಡಾಯವನ್ನು ಕನ್ನಡದಲ್ಲಿ ಬರೆದದ್ದು ದೊಡ್ಡ ಸಾಹಸ. ಆದರೂ ಅದು ದೇಶಕಾಲಗಳ ಸಾಹಸವೇ ಹೊರತು ನಾವು ಈ ಸಲ ಹುಡುಕುತ್ತಿರುವುದಲ್ಲ. ಎರಡನ್ನೂ ಬೇರೆ ಮಳೆಗಾಲಕ್ಕೆ ಇರಿಸಿದ್ದೇವೆ. ಪುತ್ತೂರಿನ ಬೊಳುವಾರು ಮಹಮದ್ ಕುಂಞಿಯವರ ‘ಸ್ವಾತಂತ್ರ್ಯದ ಓಟ’ (2012) ಸಾವಿರ ಪುಟ ಮೀರಿದ್ದು. ಒಂದು ತಿಂಗಳಲ್ಲಿ ಮುಗಿಸುವವರು ನಮ್ಮಲ್ಲಿಲ್ಲ.

ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಪ್ರಯೋಗದ ದೃಷ್ಟಿಯಿಂದ ಎಲ್ಲಕ್ಕಿಂತ ದೊಡ್ಡದು. ನಾಯಕನಿಲ್ಲದೆ, ನಡುವೆಂಬುದಿಲ್ಲದೆ, ಗುತ್ತಿಯ ನಾಯಿ ಹುಲಿಯನಿಗೂ ಗೌಡರಿಗೂ ಒಂದೇ ತಕ್ಕಡಿಯಲ್ಲಿ ಪಾಲು ತೂಗಿದ ಪುಸ್ತಕ ಕನ್ನಡದಲ್ಲಿ ಇನ್ನೊಂದು ಬಂದಿಲ್ಲ. 2010ರಲ್ಲಿ ಮೈಸೂರಿನ ರಂಗಾಯಣದವರು ಇದನ್ನು ರಾತ್ರಿಯಿಡೀ ನಡೆಯುವ ನಾಟಕವಾಗಿ ಆಡಿದಾಗ ಜನ ಬೆಳಗಿನವರೆಗೆ ಕೂತು ನೋಡಿದರು. ಅದಕ್ಕೆ ಒಂದು ತಿಂಗಳು ಕೊಡುವುದು ಅಪಚಾರ. ಕ್ಯಾಲಿಫೋರ್ನಿಯದ ವೆನಿಸ್ ಎಂಬ ಊರಿನಲ್ಲಿ ಒಂದು ಬಳಗ ಜಾಯ್ಸನ ‘ಫಿನಿಗನ್ಸ್ ವೇಕ್’ ಒಂದನ್ನೇ 1995ರಲ್ಲಿ ತೊಡಗಿ 2023ರಲ್ಲಿ ಮುಗಿಸಿತಂತೆ, ತಿಂಗಳಿಗೆ ಒಂದೆರಡು ಪುಟದಂತೆ ಇಪ್ಪತ್ತೆಂಟು ವರ್ಷ. ನಾವು ಅಷ್ಟು ದೂರ ಹೋಗಬೇಕಾಗಿ ಬರಲಿಕ್ಕಿಲ್ಲ. ಮದುಮಗಳಿಗೆ ಒಂದು ಪೂರ್ತಿ ವರ್ಷ ಬೇಕೇ ಬೇಕು.

ಯಶವಂತ ಚಿತ್ತಾಲರ ‘ಶಿಕಾರಿ’ (1979) ನನಗೆ ಬಹಳ ಪ್ರಿಯವಾದ ಪುಸ್ತಕ. ಮುಂಬಯಿಯ ರಾಸಾಯನಿಕ ಕಂಪನಿಯಿಂದ ಅಮಾನತಾದ ನಾಗಪ್ಪನಿಗೆ ತನ್ನ ಮೇಲಿನ ಆರೋಪವೇನೆಂಬುದೇ ತಿಳಿದಿಲ್ಲ. ಪುಟಪುಟದಲ್ಲಿಯೂ ಅವನ ಭಯ ಮಾತ್ರ. ಆದರೆ ಬಳಗದಲ್ಲಿ ಮತಕ್ಕೆ ಹಾಕಿದಾಗ ಅದು ಸೋತಿತು. ‘ಒಬ್ಬನ ತಲೆಯೊಳಗೆ ಅಷ್ಟು ದಿನ ಉಸಿರು ಕಟ್ಟುತ್ತದೆ’ ಎಂದರು ಒಬ್ಬರು. ಅದು ಕಾದಂಬರಿಯ ಗುಣವೆಂದು ನಾನು ವಾದಿಸಿದೆ. ಗುಣವಾದರೂ ಉಸಿರು ಕಟ್ಟುವುದು ಕಟ್ಟುವುದೇ ಎಂದರು. ಬಹುಮತಕ್ಕೆ ತಲೆಬಾಗಬೇಕಾಯಿತು.

ಎಲ್ಲಕ್ಕಿಂತ ಹೆಚ್ಚು ವಾದ ನಡೆದದ್ದು ದೇವನೂರ ಮಹಾದೇವರ ‘ಕುಸುಮಬಾಲೆ’ಯ (1984) ಬಗೆಗೆ. 1990ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ ಸಣ್ಣ ಪುಸ್ತಕವದು. ಅದು ನಂಜನಗೂಡಿನ ಕಡೆಯ ದಲಿತರ ಆಡುಮಾತಿನಲ್ಲಿ ಬರೆದದ್ದು. ಅಕ್ಷರಗಳು ಮಾತಿನಲ್ಲಿ ಹೇಗೆ ಸವೆದು ಸೇರಿಕೊಳ್ಳುತ್ತವೆಯೋ ಪುಟದ ಮೇಲೆಯೂ ಹಾಗೆಯೇ. ಎಂ.ಎ. ತರಗತಿಯವರೇ ಮೊದಲ ಪುಟದಲ್ಲಿ ಎಡವುತ್ತಾರೆ. ಹೀಗಿರುವಾಗ ಮನೆಯಲ್ಲಿ ತುಳು, ಮಲಯಾಳ ಆಡುವವರಿಗೆ ಇದನ್ನು ಕೊಡುವುದು ನ್ಯಾಯವೇ ಎಂಬುದು ಪ್ರಶ್ನೆ.

ನಾನು ನ್ಯಾಯವೆಂದೇ ಹೇಳಿದೆ. ಆ ಕತೆಯ ಒಳಗೆ ಊರು ಮುಚ್ಚಿಹಾಕಿದ ಒಂದು ಕೊಲೆಯಿದೆ. ಸತ್ತವನು ಹೇಳಲಾರ. ಕೊಂದವರು ಹೇಳುವುದಿಲ್ಲ. ಕಂಡವರು, ಅಥವಾ ಊಹಿಸಿದವರು, ಬಾಯಿ ಬಿಡುವ ಹಾಗಿಲ್ಲ. ಹಾಗಾದರೆ ಕತೆ ಯಾರ ಬಾಯಿಂದ ಬರಬೇಕು? ರಾತ್ರಿ ಆರಿಸಿದ ದೀಪಗಳ ಜೋತಮ್ಮಗಳು ಒಂದೆಡೆ ಸೇರಿ ತಂತಮ್ಮ ಮನೆಯ ಸುದ್ದಿ ಮಾತಾಡಿಕೊಳ್ಳುತ್ತವೆ, ಮಂಚವೂ ಮಾತಾಡುತ್ತದೆ. ಇದನ್ನು ಲ್ಯಾಟಿನ್ ಅಮೆರಿಕದ ಮಾಯಾವಾಸ್ತವಕ್ಕೆ ಹೋಲಿಸಿ ಲೇಖನ ಬರೆದವರಿದ್ದಾರೆ. ಅಷ್ಟು ದೂರ ಹೋಗಬೇಕಾಗಿಲ್ಲ. ಮನುಷ್ಯರೆಲ್ಲ ಹೆದರಿ ಸುಮ್ಮನಾದ ಊರಿನಲ್ಲಿ ಸಾಕ್ಷಿ ಹೇಳಲು ಉಳಿಯುವುದು ದೀಪ ಮತ್ತು ಮಂಚ. ದೀಪ ಮಾತಾಡುವ ಕತೆ ನಮ್ಮ ಅಜ್ಜಿಯರಿಗೆ ಹೊಸತೂ ಅಲ್ಲ. ಇಲ್ಲಿ ಹೇಳುವವರನ್ನು ಬದಲಿಸಿದ್ದು ಚಮತ್ಕಾರಕ್ಕಾಗಿ ಅಲ್ಲವೆಂಬುದು ಎರಡನೆಯ ಓದಿಗೇ ತಿಳಿಯುತ್ತದೆ. ಬೇರೆ ಯಾರ ಬಾಯಿಗೆ ಕೊಟ್ಟಿದ್ದರೂ ಈ ಕತೆ ಹೊರಬರುತ್ತಿರಲಿಲ್ಲ. ನಾನು ಆಯ್ಕೆಗೆ ಹಿಡಿದ ಅಳತೆಗೋಲು ಇದೊಂದೇ, ಮತ್ತು ಈ ಅಳತೆಯಲ್ಲಿ ‘ಕುಸುಮಬಾಲೆ’ಯ ಮುಂದೆ ನಿಲ್ಲುವ ಕನ್ನಡ ಕಾದಂಬರಿಗಳು ಬೆರಳೆಣಿಕೆಯಷ್ಟು.

ಭಾಷೆಯ ತೊಡಕಿಗೂ ಮದ್ದಿದೆ. ಹಿರಿಯ ವಿದ್ವಾಂಸರಾದ ಎಲ್. ಬಸವರಾಜು ಅವರು ಈ ಗದ್ಯವನ್ನು ಸಾಲು ಮುರಿದು ಪದ್ಯದಂತೆ ಜೋಡಿಸಿ ತೋರಿಸಿದರು. ಅವರ ಕಿವಿಗೆ ಕೇಳಿದ್ದು ಹಾಡಿನ ಲಯ. ಕಣ್ಣಿಗೆ ತೊಡಕಾದದ್ದು ಕಿವಿಗೆ ತೊಡಕಾಗಲಿಕ್ಕಿಲ್ಲವೆಂದು ಪರೀಕ್ಷಿಸಲು ಬಳಗದಲ್ಲಿ ಅರ್ಧ ಪುಟ ಗಟ್ಟಿಯಾಗಿ ಓದಿದೆವು. ಓದಿದವರು ಅರೆಭಾಷೆ ಮನೆಮಾತಿನ ಶಿಕ್ಷಕಿ. ಮೊದಲು ತಡವರಿಸಿದರು, ಮೂರನೆಯ ಸಾಲಿಗೆ ದನಿ ತಾನಾಗಿ ಇಳಿದು ಮಾತಿನ ಹದಕ್ಕೆ ಬಂತು. “ಇದು ಪುಸ್ತಕದ ಕನ್ನಡ ಅಲ್ಲವಲ್ಲ, ಸರ್. ನಮ್ಮ ಮನೆಯ ಮಾತನ್ನು ಬರೆದರೂ ಹೀಗೇ ಕಾಣಬಹುದು” ಎಂದರು. ಶಿಷ್ಟ ಕನ್ನಡವನ್ನು ಶಾಲೆಯಲ್ಲಿ ಕಲಿತವರಿಗೆ, ಅದರಲ್ಲಿ ಬರೆಯದ ಪುಸ್ತಕ ಇನ್ನೂ ದೂರವಾಗಬೇಕೆಂಬ ನಿಯಮವಿಲ್ಲವೆಂದಾಯಿತು. ನಂಜನಗೂಡಿನ ಎಷ್ಟೋ ಪದಗಳು ನಮಗಾರಿಗೂ ತಿಳಿಯಲಿಲ್ಲ. ತಿಳಿಯದ ಪದಕ್ಕೆ ಪೆನ್ಸಿಲಿನಲ್ಲಿ ಗುರುತು ಹಾಕುವುದು, ಆ ಕಡೆಯಿಂದ ಇಲ್ಲಿಗೆ ಕೆಲಸಕ್ಕೆ ಬಂದಿರುವ ಒಬ್ಬರನ್ನು ಆ ದಿನ ಕರೆಯುವುದು ಎಂದಾಯಿತು.

ಹೀಗೆ ಕೊನೆಗೆ ಪಟ್ಟಿ ಆದದ್ದು: ಕಾರ್ತೆಲಿಗೆ ‘ಬೆಟ್ಟದ ಜೀವ’, ಆಟಿಗೆ ‘ಸಂಸ್ಕಾರ’, ಸೋಣಕ್ಕೆ ‘ಅಳಿದ ಮೇಲೆ’, ನಿರ್ನಾಲಕ್ಕೆ ‘ಕುಸುಮಬಾಲೆ’. ಒಂದೊಂದರ ನಾಲ್ಕು ನಾಲ್ಕು ಪ್ರತಿ ತರಿಸಿ ಮೂವರಿಗೆ ಒಂದರಂತೆ ಹಂಚಿಕೊಳ್ಳುವುದು, ಹದಿಮೂರನೆಯವನು ಉಪನ್ಯಾಸಕನಾದ್ದರಿಂದ ತನ್ನದನ್ನು ತಾನೇ ಕೊಳ್ಳುವುದು. ಪ್ರತಿ ಸಭೆಯ ಮೊದಲ ಅರ್ಧ ಗಂಟೆ ಗಟ್ಟಿ ಓದು. ನಡುವೆ ತಡೆದು ಪ್ರಶ್ನೆ ಕೇಳುವ ಹಕ್ಕು ಎಲ್ಲರಿಗೂ. ಆ ಹಕ್ಕಿಗೆ ಬಳಗದಲ್ಲಿ ಆಗಲೇ ‘ಮನೋರಮೆ ಹಾಕುವುದು’ ಎಂಬ ಹೆಸರು ಬಿದ್ದಿದೆ. ಜೋತಮ್ಮಗಳ ಮಾತನ್ನು ಮೂವರು ಹಂಚಿಕೊಂಡು ಓದಬೇಕೆಂದಿದ್ದೇವೆ. ಇಬ್ಬರು ಒಪ್ಪಿದ್ದಾರೆ. ಮೂರನೆಯ ದೀಪವಾಗಲು ಆ ಹಿರಿಯ ಕೃಷಿಕರನ್ನು ಕೇಳಿದೆವು. ಮೊದಲು ಪುಸ್ತಕ ಕೊಡಿ, ಓದಿ ನೋಡಿ ಹೇಳುತ್ತೇನೆ ಎಂದು ತೆಗೆದುಕೊಂಡು ಹೋಗಿದ್ದಾರೆ.